ಹಳೇ ಪಿಕಪ್‌ನಲ್ಲಿ ಸೌದೆ ಸಾಗಿಸೋದು: ಹಸಿ ಎಷ್ಟು ತುಂಬಬಹುದು, ಒಣ ಎಷ್ಟು?

ಬ್ಯಾಣದಂಚು

ಎಲ್ಲರಿಗೂ ನಮಸ್ಕಾರ. ತೋಟದ ಅಂಚಿನ ನಾಲ್ಕು ಸಿಲ್ವರ್ ಓಕ್, ಬ್ಯಾಣದ (ತೋಟಕ್ಕೆ ಸೇರಿದ ಹುಲ್ಲುಗಾವಲು) ಆರು ಅಕೇಶಿಯ ಡಿಸೆಂಬರ್ ಕೊನೆಗೆ ಕಡಿಸಿದ್ದು ಬಿದ್ದಿವೆ. ಬುಡದಲ್ಲಿ ಒಂದಡಿಯಿಂದ ಒಂದೂಕಾಲು ಅಡಿ ದಪ್ಪ. ಮಳೆಗಾಲಕ್ಕೆ ಬಚ್ಚಲ ಒಲೆಗೆ, ಉಳಿದರೆ ಅಡಿಕೆ ಬೇಯಿಸೋ ಒಲೆಗೆ. ಮನೆಗೆ ಮೂರು ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಒಂದು ಹಳ್ಳ, ಆಮೇಲೆ ಒಂದು ಕಡಿದಾದ ಇಳಿಜಾರು. ಗಾಡಿ 2523 ಸಿಸಿ ಡಿಐ ಎಂಜಿನ್ನಿನ ಹಳೇ ಮಹೀಂದ್ರ ಪಿಕಪ್. ತೊಟ್ಟಿ ಒಳಗಿನಳತೆ 8 ಅಡಿ ಉದ್ದ, ಐದೂವರೆ ಅಡಿ ಅಗಲ.

ಕೇಳಬೇಕಿರೋದು ಇಷ್ಟು. ಒಂದು ಸಲಕ್ಕೆ ಎಷ್ಟು ಎತ್ತರ ತುಂಬಬಹುದು? ಹಿಂದಿನ ಪಾಟಕ್ಕೆ (ಲೀಫ್ ಸ್ಪ್ರಿಂಗ್) ಇನ್ನೊಂದು ಪ್ಲೇಟ್ ಸೇರಿಸಿದರೆ ಟ್ರಿಪ್ ಕಮ್ಮಿ ಮಾಡಬಹುದಾ? ಹಸಿಯಲ್ಲೇ ಮನೆಗೆ ತಂದು ಒಣಗಿಸೋದಾ, ಅಲ್ಲೇ ಒಣಗಿಸಿ ತರೋದಾ? ಇನ್ನೊಂದು, ಚೈನ್ ಗರಗಸ ಅರ್ಧ ದಿಮ್ಮಿ ಆಗುವಷ್ಟರಲ್ಲಿ ಒಂದು ಕಡೆಗೆ ವಾಲಿಕೊಂಡು ಕೊಯ್ಯುತ್ತೆ. ಯಾಕೆ?

ಘಾಟಿ_ಸೆಕೆಂಡ್‌ಗೇರ್

ಎತ್ತರ ನೋಡಿ ತುಂಬಬೇಡಿ, ತೂಕ ನೋಡಿ ತುಂಬಿ. ಸೌದೆ ಗಾಡಿಗಳು ಹಾಳಾಗೋದಕ್ಕೆ ಮುಕ್ಕಾಲು ಕಾರಣ ಇದೊಂದೇ. ಒಣ ಸೌದೆಗೆ ರೂಢಿಯಾದ ಎತ್ತರಕ್ಕೇ ಹಸಿ ಸೌದೆಯನ್ನೂ ಏರಿಸ್ತಾರೆ.

ಮೊದಲು ಆರ್‌ಸಿ ತೆಗೆಯಿರಿ. ಅದರಲ್ಲಿ ತುಂಬಿದ ಗಾಡಿಯ ಒಟ್ಟು ತೂಕ, ಬರಿಗಾಡಿಯ ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಲೆಕ್ಕಕ್ಕೆ ಹಿಡಿಯೋಣ: ಒಟ್ಟು 2,700 ಕೆಜಿ, ಬರಿಗಾಡಿ 1,650 ಕೆಜಿ ಅಂತಿದ್ದರೆ ಉಳಿಯೋದು 1,050. ಮುಂದೆ ಕೂತ ಮೂರು ಜನ, ಗರಗಸ, ಬೆಣೆ, ಪೆಟ್ರೋಲ್ ಕ್ಯಾನು ಎಲ್ಲಾ ಸೇರಿ 200 ಕೆಜಿ ಹೋಯ್ತು. ಸೌದೆಗೆ ಮಿಕ್ಕಿದ್ದು 850 ಕೆಜಿ. ನಿಮ್ಮ ಆರ್‌ಸಿಯಲ್ಲಿ ಬೇರೆ ಅಂಕಿ ಇರಬಹುದು, ಅದನ್ನೇ ಹಾಕಿ.

ಈಗ ಮರದ ತೂಕ. ಈಗಷ್ಟೇ ಕಡಿದ ಅಕೇಶಿಯ ಹೆಚ್ಚುಕಮ್ಮಿ ನೀರಿನಷ್ಟೇ ಭಾರ, ಘನ ಮೀಟರಿಗೆ ಒಂದು ಟನ್ ಅಂತ ಹಿಡೀಬಹುದು. ಸಿಲ್ವರ್ ಓಕ್ ಸ್ವಲ್ಪ ಹಗುರ, ಆದರೂ ಸುರಕ್ಷತೆಗೆ ಅದೇ ಲೆಕ್ಕ ಇಟ್ಟುಕೊಳ್ಳಿ. ಚೆನ್ನಾಗಿ ಒಣಗಿದ ಮೇಲೆ ಅದೇ ಮರ 600ರಿಂದ 650 ಕೆಜಿ. ಸೀಳಿದ ಸೌದೆಯನ್ನು ನೀಟಾಗಿ ಜೋಡಿಸಿದರೂ ಸಂದಿಯಲ್ಲಿ ಗಾಳಿ ಇರುತ್ತೆ, ತೊಟ್ಟಿಯ ಜಾಗದಲ್ಲಿ ನೂರಕ್ಕೆ 60ರಿಂದ 65 ಪಾಲು ಮಾತ್ರ ಮರ. ಎಸೆದು ತುಂಬಿದರೆ ಅರ್ಧಕ್ಕಿಂತ ಕಮ್ಮಿ.

ನಿಮ್ಮ ತೊಟ್ಟಿಗೆ ಇದನ್ನು ಹಾಕಿ ನೋಡಿ. 8 ಅಡಿಗೆ ಐದೂವರೆ ಅಡಿ, ಎತ್ತರ ಒಂದಡಿ: 44 ಘನ ಅಡಿ, ಅಂದ್ರೆ 1.25 ಘನ ಮೀಟರ್. ಅದರಲ್ಲಿ ಮರ ಸುಮಾರು 0.77 ಘನ ಮೀಟರ್. ಹಸಿಯಾದರೆ 770 ಕೆಜಿ ಆಯ್ತು. ಹಸಿ ಸೌದೆಗೆ ನಿಮ್ಮ ಮಿತಿ ಒಂದಡಿ ಎತ್ತರ, ಅಷ್ಟೇ. ಒಣ ಸೌದೆ ಒಂದೂವರೆ ಅಡಿ ಜೋಡಿಸಿದರೂ 750 ಕೆಜಿ ಆಸುಪಾಸು. ಕ್ಯಾಬಿನ್ನಿನ ಹಿಂದಿನ ಗಾಜಿನ ಮಟ್ಟಕ್ಕೆ ಮೂರಡಿ ಹಸಿ ತುಂಬಿದರೆ 2.3 ಟನ್. ನೋಡೋಕೆ ಎಲ್ಲಾ ಸೌದೆ ಒಂದೇ, ಆದರೆ ಆ ಇಳಿಜಾರಲ್ಲಿ ಬ್ರೇಕಿಗೆ ಅದು ಒಂದೇ ಅಲ್ಲ.

ಅಂದಾಜು ಸಾಲದು ಅನ್ನಿಸಿದರೆ ಒಂದೇ ಒಂದು ತುಂಡು ತೂಗಿ. 30 ಸೆಂಟಿಮೀಟರ್ ದಪ್ಪ, 45 ಸೆಂಟಿಮೀಟರ್ ಉದ್ದದ ಹಸಿ ತುಂಡು ಸುಮಾರು 32 ಕೆಜಿ ಬರುತ್ತೆ. ಅಂಥವು 26 ಹೇರಿದರೆ ನಿಮ್ಮ 850 ಕೆಜಿ ಹತ್ತಿರ ಮುಗೀತು. 26 ತುಂಡು ತೊಟ್ಟಿಯಲ್ಲಿ ಏನೂ ಕಾಣಲ್ಲ, ಖಾಲಿ ಖಾಲಿ ಅನ್ನಿಸುತ್ತೆ. ಅಲ್ಲೇ ಎಲ್ಲರೂ ತಪ್ಪೋದು.

ಹಾಗಾಗಿ ಮೂರನೇ ಪ್ರಶ್ನೆಗೂ ಉತ್ತರ ಸಿಕ್ತು: ಬ್ಯಾಣದಲ್ಲೇ ತುಂಡು ಮಾಡಿ, ಸೀಳಿ, ಒಣಗಿಸಿ ತನ್ನಿ. ಹಸಿ ಮರದ ತೂಕದಲ್ಲಿ ಅರ್ಧ ನೀರು. 1,000 ಕೆಜಿ ಹಸಿ ಸೌದೆ, ತೇವ ನೂರಕ್ಕೆ 20ಕ್ಕೆ ಇಳಿಯುವಷ್ಟರಲ್ಲಿ 625 ಕೆಜಿ ಆಗುತ್ತೆ. ಎಂಟು ಟ್ರಿಪ್ ಹಸಿ ಹೊಡೆಯೋ ಕಡೆ ಐದು ಟ್ರಿಪ್ ಸಾಕು. ಮಿಕ್ಕ ಮೂರು ಟ್ರಿಪ್ಪಿನ ಡೀಸೆಲ್ ಬರೀ ನೀರು ಹೊರೋಕೆ.

ಬೆಣೆ_ಕೊಡಲಿ

ಗರಗಸದ ವಿಷಯಕ್ಕೆ ಬರ್ತೀನಿ. ವಾಲಿಕೊಂಡು ಕೊಯ್ಯೋದಕ್ಕೆ ಸಾಮಾನ್ಯ ಕಾರಣ, ಒಂದು ಕಡೆಯ ಹಲ್ಲು ಇನ್ನೊಂದು ಕಡೆಯದಕ್ಕಿಂತ ಗಿಡ್ಡ ಅಥವಾ ಮೊಂಡು ಆಗಿರೋದು. ಚೈನಿನಲ್ಲಿ ಹಲ್ಲು ಒಂದು ಎಡಕ್ಕೆ ಒಂದು ಬಲಕ್ಕೆ ಇರುತ್ತೆ. ಯಾವ ಕಡೆ ಉದ್ದ, ಚೂಪು ಇದೆಯೋ ಆ ಕಡೆಗೆ ಎಳೆಯುತ್ತೆ. ಬಲಗೈಯವರು ಅರ ಹಾಕುವಾಗ ಒಂದು ಸಾಲಿಗೆ ಗೊತ್ತಿಲ್ಲದೇ ಹೆಚ್ಚು ಒತ್ತು ಕೊಡ್ತಾರೆ, ಹತ್ತು ಸಲ ಮಸೆಯೋದರೊಳಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ವರ್ನಿಯರಿನಲ್ಲಿ ಎಲ್ಲಾ ಹಲ್ಲಿನ ಉದ್ದ ಅಳೆಯಿರಿ, ಅತಿ ಗಿಡ್ಡ ಇರೋ ಹಲ್ಲಿನ ಮಟ್ಟಕ್ಕೆ ಬೇರೆಲ್ಲವನ್ನೂ ಇಳಿಸಿ. 0.325 ಇಂಚು ಪಿಚ್ಚಿನ ಚೈನಾದರೆ 4.8 ಮಿಮೀ ದುಂಡರ, ಕೋನ 30 ಡಿಗ್ರಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ, ವಾಪಸ್ ಎಳೆಯುವಾಗ ಎತ್ತಿಕೊಳ್ಳಿ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ.

ಹಲ್ಲಿನ ಮುಂದೆ ಒಂದು ಸಣ್ಣ ಗುಬ್ಬಿ ಇರುತ್ತೆ. ಹಲ್ಲು ಒಂದೇಟಿಗೆ ಎಷ್ಟು ಆಳ ಕಚ್ಚಬೇಕು ಅನ್ನೋದನ್ನು ಅದು ನಿರ್ಧರಿಸುತ್ತೆ. ಹಲ್ಲಿನ ತುದಿಗಿಂತ ಅದು 0.65 ಮಿಮೀ ತಗ್ಗಿರಬೇಕು. ಹಲ್ಲು ಸವೆದಂತೆ ಗುಬ್ಬಿಯನ್ನೂ ಚಪ್ಪಟೆ ಅರದಿಂದ ಇಳಿಸದೇ ಹೋದರೆ ಎಷ್ಟು ಮಸೆದರೂ ಕಚ್ಚಲ್ಲ. ಜಾಸ್ತಿ ಇಳಿಸಿದರೆ ಗರಗಸ ಎಗರುತ್ತೆ, ಕೈಗೆ ಹೊಡೆಯುತ್ತೆ. ಹಲ್ಲೆಲ್ಲಾ ಸಮ ಇದ್ದೂ ವಾಲುತ್ತೆ ಅಂದರೆ ಬಾರಿನ, ಅಂದ್ರೆ ಚೈನ್ ಸುತ್ತೋ ಉದ್ದ ಪಟ್ಟಿಯ, ಎರಡು ಅಂಚು ನೋಡಿ. ಒಂದಂಚು ಸವೆದು ತಗ್ಗಾಗಿದ್ದರೆ ಚೈನೇ ವಾಲಿ ಕೂತಿರುತ್ತೆ. ಬಾರನ್ನು ಆಗಾಗ ತಿರುವಿ ಹಾಕೋದು ಅದಕ್ಕೇ.

ಚೈನ್ ಹರಿತ ಇದೆಯಾ ಅಂತ ತಿಳಿಯೋಕೆ ಕೆಳಗೆ ಬೀಳೋದನ್ನು ನೋಡಿ. ಚಕ್ಕೆ ಚಕ್ಕೆಯಾಗಿ ಉದುರಿದರೆ ಸರಿ. ಹಿಟ್ಟಿನ ಹಾಗೆ ಬಂದರೆ, ಹೊಗೆ ವಾಸನೆ ಬಂದರೆ ನಿಲ್ಲಿಸಿ ಮಸೆಯಿರಿ. ಒತ್ತಿ ಕೊಯ್ದರೆ ಬಾರು ಕಾದು ಅಂಚು ಅರಳುತ್ತೆ. ದಿಮ್ಮಿ ಎಳೆದು ತಂದಿದ್ದರೆ ತೊಗಟೆ ತುಂಬ ಮಣ್ಣು ಮೆತ್ತಿರುತ್ತೆ, ಕೊಯ್ಯೋ ಜಾಗದಲ್ಲಿ ಕತ್ತಿಯಿಂದ ತೊಗಟೆ ಕೆತ್ತಿ ಆಮೇಲೆ ಗರಗಸ ಇಡಿ. ಮಣ್ಣಿಗೆ ಒಂದೇ ಒಂದು ಸಲ ತಾಗಿದರೂ ಅರ್ಧ ದಿನದ ಹರಿತ ಹೋಯ್ತು.

ಪೆಟ್ರೋಲಿಗೆ ಟು ಸ್ಟ್ರೋಕ್ ಆಯಿಲ್ 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಎಂಎಲ್, ಹಳೇ ಮಷೀನಿಗೆ 25ಕ್ಕೆ 1 ಅಂತಿದ್ದರೆ 40 ಎಂಎಲ್. ಮಷೀನಿನ ಪುಸ್ತಕದಲ್ಲಿ ಇರೋದೇ ಪ್ರಮಾಣ. ಚೈನಿಗೆ ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಹಾಕಬೇಡಿ, ಅದರಲ್ಲಿನ ಲೋಹದ ಪುಡಿ ಬಾರನ್ನೂ ಆಯಿಲ್ ಪಂಪನ್ನೂ ತಿನ್ನುತ್ತೆ, ಮುಟ್ಟಿದ ಚರ್ಮಕ್ಕೂ ಕೆಟ್ಟದ್ದು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಾಗ ಚೈನ್ ಆಯಿಲಿನ ಟ್ಯಾಂಕೂ ಹತ್ತಿರ ಹತ್ತಿರ ಖಾಲಿಯಾಗಬೇಕು. ಆಗಿಲ್ಲ ಅಂದ್ರೆ ಆಯಿಲ್ ತೂತು ಮರದ ಪುಡಿಯಿಂದ ಕಟ್ಟಿದೆ.

ಬಾರು ಸಿಕ್ಕಿಹಾಕಿಕೊಳ್ಳೋದು ದಿಮ್ಮಿ ಹೇಗೆ ಮಲಗಿದೆ ಅನ್ನೋದರ ಮೇಲೆ. ಎರಡೂ ತುದಿ ಎತ್ತರದಲ್ಲಿ, ನಡುವೆ ಕೆಳಗೆ ಟೊಳ್ಳು ಇದ್ದರೆ ಮೇಲಿಂದ ಕೊಯ್ದಂತೆ ಸೀಳು ಮುಚ್ಚಿಕೊಳ್ಳುತ್ತೆ. ಅಂಥ ಕಡೆ ಮೇಲಿಂದ ಮೂರನೇ ಒಂದು ಪಾಲು ಕೊಯ್ದು ಉಳಿದದ್ದನ್ನು ಅಡಿಯಿಂದ ಮೇಲಕ್ಕೆ ತನ್ನಿ. ಒಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಇದರ ಉಲ್ಟಾ: ಅಡಿಯಿಂದ ಮೂರನೇ ಒಂದು ಪಾಲು, ಆಮೇಲೆ ಮೇಲಿಂದ. ಈ ಎರಡನೇದನ್ನು ಮೇಲಿಂದಲೇ ಶುರು ಮಾಡಿದರೆ ತುಂಡು ಅರ್ಧಕ್ಕೇ ಸಿಗಿದು ಜಿಗಿಯುತ್ತೆ. ಇಳಿಜಾರಿನಲ್ಲಿ ಯಾವಾಗಲೂ ದಿಮ್ಮಿಯ ಮೇಲ್ಗಡೆ ನಿಲ್ಲಿ. ಬಾರಿನ ತುದಿಯ ಮೇಲಿನ ಕಾಲು ಭಾಗ ಇನ್ನೊಂದು ಕೊಂಬೆಗೆ ತಾಗಿದರೆ ಗರಗಸ ಸೀದಾ ಮುಖದ ಕಡೆ ಒದೆಯುತ್ತೆ. ಹಾಗಾಗಿ ಕೊಂಬೆ ಗೊಂಚಲಿನಲ್ಲಿ ಕತ್ತಿ ಕೆಲಸ ಮೊದಲು, ಗರಗಸ ಆಮೇಲೆ. ಹೆಲ್ಮೆಟ್, ಕನ್ನಡಕ, ಗಟ್ಟಿ ಬೂಟು ಇಲ್ಲದೇ ಶುರು ಮಾಡಬೇಡಿ. ಸಿಲ್ವರ್ ಓಕಿನ ಪುಡಿ ಕೆಲವರ ಮೈಗೆ ಆಗಲ್ಲ, ಕೈ ಕುತ್ತಿಗೆಯೆಲ್ಲಾ ಗುಳ್ಳೆ ಏಳುತ್ತೆ. ಉದ್ದ ತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ.

ತುಂಡಿನ ಉದ್ದ ಒಂದೂವರೆ ಅಡಿ ಇಡಿ. ಬಚ್ಚಲ ಒಲೆಯ ಬಾಯೊಳಗೆ ಪೂರ್ತಿ ಹೋಗುತ್ತೆ, ನಿಮ್ಮ 8 ಅಡಿ ತೊಟ್ಟಿಯಲ್ಲಿ ಒಂದರ ಹಿಂದೆ ಒಂದು ಐದು ಸಾಲು ಸರಿಯಾಗಿ ಕೂತು ಅರ್ಧ ಅಡಿ ಮಿಗುತ್ತೆ. ಅಡಿಕೆ ಒಲೆಗೆ ಉದ್ದ ಬೇಕು ಅಂದ್ರೆ ಎರಡೂವರೆ ಅಡಿಯದನ್ನು ಬೇರೆ ಟ್ರಿಪ್ ಮಾಡಿ, ಎರಡನ್ನೂ ಬೆರೆಸಿ ಹೇರಿದರೆ ಸಾಲು ನಿಲ್ಲಲ್ಲ.

ಸೀಳೋದು ಹಸಿಯಲ್ಲೇ ಸುಲಭ, ಅಕೇಶಿಯ ಒಣಗಿದರೆ ಗಂಟು ಕಬ್ಬಿಣ ಆಗುತ್ತೆ. ದಪ್ಪ ತಲೆಯ, ಎರಡೂವರೆಯಿಂದ ಮೂರು ಕೆಜಿಯ ಕೊಡಲಿ ಬೇಕು. ಕಡಿಯೋ ತೆಳು ಕೊಡಲಿ ಸೀಳಲ್ಲ, ಸಿಕ್ಕಿಕೊಳ್ಳುತ್ತೆ. ನಡುವಿಗೇ ಹೊಡೆಯೋ ಬದಲು ಅಂಚಿನಿಂದ ಸುತ್ತ ಹೋಳು ಬಿಡಿಸುತ್ತಾ ಬನ್ನಿ. ಕವಲು ಇರೋ ತುಂಡಿಗೆ ಬೆಣೆ ಹಾಕಿ. ಕಬ್ಬಿಣದ ಬೆಣೆಯ ತಲೆ ಹೊಡೆತಕ್ಕೆ ಅರಳಿ ಅಣಬೆ ಥರ ಆಗಿದ್ದರೆ ಮೊದಲು ಅದನ್ನು ಗ್ರೈಂಡ್ ಮಾಡಿಸಿ, ಅದರ ಚೂರು ಹಾರಿದರೆ ಕಣ್ಣೇ ಹೋಗುತ್ತೆ.

ಬ್ಯಾಣದಂಚು

ತುಂಬಾ ಉಪಕಾರ ಆಯ್ತು. ಅಳೆದು ನೋಡಿದೆ, ಎಡಗಡೆ ಹಲ್ಲು ಬಲಗಡೆಗಿಂತ ಒಂದು ಮಿಮೀ ಗಿಡ್ಡ ಇದೆ. ಎಕ್ಸ್‌ಟ್ರಾ ಪ್ಲೇಟ್ ಬಗ್ಗೆ ಯಾರಾದರೂ ಹೇಳ್ತೀರಾ? ಇಲ್ಲಿ ಹತ್ತಿರದ ಪಾಟ ರಿಪೇರಿಯಲ್ಲಿ ಒಂದು ಹಾಕಿಸಿಬಿಡಿ ಅಂದ್ರು.

ಹಳ್ಳದಾಚೆ

ಹಾಕಿಸಿ, ಯೋಚನೆ ಮಾಡಬೇಡಿ. ನಮ್ಮ ಕಡೆ ಎಲ್ಲಾ ಗಾಡಿಗೂ ಒಂದೊಂದು ಪ್ಲೇಟ್ ಹೆಚ್ಚು ಇದ್ದೇ ಇರುತ್ತೆ. ಗಾಡಿ ಹಿಂದೆ ಕೂರಲ್ಲ, ಚೆನ್ನಾಗಿ ನಿಲ್ಲುತ್ತೆ.

ಪಾಟ_ಯೂಬೋಲ್ಟ್

ಕ್ಷಮಿಸಿ ಹಳ್ಳದಾಚೆಯವರೇ, ಇದನ್ನು ಒಪ್ಪಲಾರೆ. ಗಾಡಿ ಕೂರಲ್ಲ ಅನ್ನೋದು ನಿಜ, ಅಪಾಯ ಇರೋದೂ ಅಲ್ಲೇ. ಪಾಟ ಗಟ್ಟಿಯಾದ ಮಾತ್ರಕ್ಕೆ ಬ್ರೇಕ್ ಡ್ರಮ್ಮು ದೊಡ್ಡದಾಗಲ್ಲ, ಆಕ್ಸಲ್, ವೀಲ್ ಬೇರಿಂಗ್, ಟೈರು, ಚಾಸಿ ಯಾವುದೂ ದಪ್ಪ ಆಗಲ್ಲ. ಹೆಚ್ಚು ತುಂಬಿದೀರಿ ಅಂತ ಗಾಡಿ ಬಗ್ಗಿ ಹೇಳ್ತಿತ್ತು, ಪ್ಲೇಟ್ ಹಾಕಿ ಅದರ ಬಾಯಿ ಮುಚ್ಚಿಸಿದ ಹಾಗೆ. ಜೊತೆಗೆ ಹಿಂದಿನ ಚಕ್ರದ ಬ್ರೇಕ್ ಒತ್ತಡವನ್ನು ಲೋಡಿಗೆ ತಕ್ಕಂತೆ ಹೊಂದಿಸೋ ವಾಲ್ವು ಕೆಲವು ಗಾಡಿಗಳಲ್ಲಿ ಇರುತ್ತೆ. ಅದು ಚಾಸಿ ಎಷ್ಟು ತಗ್ಗಿದೆ ಅನ್ನೋದನ್ನೇ ನೋಡಿ ಕೆಲಸ ಮಾಡೋದು. ಪಾಟ ಬಿಗಿಯಾಗಿ ಚಾಸಿ ತಗ್ಗದೇ ಇದ್ದರೆ ಗಾಡಿ ಖಾಲಿ ಅಂತಲೇ ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತೆ. ತುಂಬಿದ ಗಾಡಿ ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಮೇಲೇ ನಿಲ್ಲಬೇಕಾಗುತ್ತೆ.

ಇರೋ ಪಾಟವನ್ನೇ ಸರಿಯಾಗಿ ಇಟ್ಟುಕೊಳ್ಳಿ. ಪ್ರತಿ ಪ್ಲೇಟಿನ ಅಂಚು ತೊಳೆದು ನೋಡಿ. ಬಿರುಕು ಹೆಚ್ಚಾಗಿ ಬರೋದು ನಡುವಿನ ಸೆಂಟರ್ ಬೋಲ್ಟ್ ತೂತಿನ ಹತ್ತಿರ. ಅದಕ್ಕೆ ಕಾರಣ ಸಡಿಲ ಯೂ ಬೋಲ್ಟ್, ಪಾಟವನ್ನು ಆಕ್ಸಲ್ಲಿಗೆ ಬಿಗಿಯೋದು ಅದೇ. ಯೂ ಬೋಲ್ಟ್ ಬಿಗಿಯಾಗಿದ್ದರೆ ಪಾಟದ ನಡುಭಾಗ ಬಾಗೋದೇ ಇಲ್ಲ, ಸಡಿಲ ಆದರೆ ತೂತಿನ ಜಾಗವೇ ಬಾಗಿ ಬಾಗಿ ಸೀಳುತ್ತೆ. ಪಾಟ ಬಿಚ್ಚಿ ಹಾಕಿಸಿದ್ದರೆ ಲೋಡ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ಯೂ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿಯುತ್ತೆ, ಗಾಡಿ ಏಡಿ ಥರ ಓರೆಯಾಗಿ ಓಡುತ್ತೆ. ಟೇಪಿನಿಂದ ಪಾಟದ ಮುಂದಿನ ಪಿನ್ನಿನಿಂದ ಆಕ್ಸಲ್ಲಿಗೆ ಎಡಬಲ ಎರಡೂ ಅಳೆಯಿರಿ. ಎರಡೂ ಒಂದೇ ಇರಬೇಕು.

ಆ ಇಳಿಜಾರಿನ ಮಾತು. ಬ್ರೇಕ್ ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ ಅಂತ ನೆನಪಿಲ್ಲ ಅಂದ್ರೆ ಈಗಲೇ ಬದಲಿಸಿ. ಡಾಟ್ 3 ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದ ಮೇಲೆ 140ರ ಆಸುಪಾಸಿಗೆ ಇಳಿಯಬಹುದು. ತುಂಬಿದ ಗಾಡಿಯನ್ನು ಬ್ರೇಕಿನ ಮೇಲೇ ಇಳಿಸಿದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿಗುಳ್ಳೆ ಆಗುತ್ತೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸೋದು ಹೆಚ್ಚಲ್ಲ. ಹಿಂದಿನ ಡ್ರಮ್ಮು ಬಿಚ್ಚಿಸಿ ಲೈನರ್ ಒಣಗಿದೆಯಾ ನೋಡಿ. ವೀಲ್ ಸಿಲಿಂಡರ್ ಸೋರಿದರೆ ಬ್ರೇಕ್ ಆಯಿಲ್, ಆಕ್ಸಲ್ ಸೀಲು ಹೋದರೆ ಗೇರ್ ಆಯಿಲ್ ಲೈನರಿಗೆ ಕುಡಿದಿರುತ್ತೆ. ನೆನೆದ ಲೈನರನ್ನು ತೊಳೆದು ಮತ್ತೆ ಹಾಕೋದು ಬೇಡ, ಬದಲಿಸಿ.

ಇಳಿಯೋಕೆ ಮೊದಲೇ ಗೇರ್ ಇಳಿಸಿಕೊಳ್ಳಿ, ಮಧ್ಯದಲ್ಲಿ ಬೇಡ. ತುಂಬಿದ ಗಾಡಿ ಯಾವ ಗೇರಿನಲ್ಲಿ ಆ ಏರು ಹತ್ತುತ್ತೋ ಅದೇ ಗೇರಿನಲ್ಲಿ ಇಳಿಸಿ. ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ಉರುಳಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಡೀಸೆಲ್ ಗಾಡಿಯ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡೋದು ಎಂಜಿನ್ ತಿರುಗಿಸೋ ಪಂಪು. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಸಂಗ್ರಹ ಖಾಲಿ, ಆಮೇಲೆ ಪೆಡಲ್ ಕಲ್ಲಾಗುತ್ತೆ. ಎಂಜಿನ್ ಓಡುತ್ತಿರುವಾಗಲೇ ಪೆಡಲ್ ಗಟ್ಟಿ ಇದ್ದರೆ ವ್ಯಾಕ್ಯೂಮ್ ಪೈಪು ಒಡೆದಿದೆಯಾ ನೋಡಿಸಿ.

ನಿಮ್ಮದರಲ್ಲಿ ಹಳ್ಳ ದಾಟಿದ ಮೇಲೆ ಇಳಿಜಾರು ಇದೆ ಅಂದ್ರಿ. ಈ ಕ್ರಮ ಸ್ವಲ್ಪ ಕೆಟ್ಟದ್ದು. ನೀರು ಹೊಕ್ಕ ಡ್ರಮ್ಮು ಮೊದಲ ಕೆಲವು ಒತ್ತಿಗೆ ಹಿಡಿಯೋದೇ ಇಲ್ಲ. ಹಳ್ಳದಿಂದ ಮೇಲೆ ಬಂದ ಕೂಡಲೇ ಸಮತಟ್ಟಿನಲ್ಲಿ ಮೊದಲ ಗೇರಿನಲ್ಲಿ ಬ್ರೇಕ್ ಹಗುರವಾಗಿ ಒತ್ತಿಕೊಂಡೇ ಐವತ್ತು ಮೀಟರ್ ಹೋಗಿ, ಲೈನರ್ ಒಣಗುತ್ತೆ. ಹಿಡಿತ ಬಂದಿದೆ ಅಂತ ಒಮ್ಮೆ ಪೂರ್ತಿ ನಿಲ್ಲಿಸಿ ನೋಡಿ, ಆಮೇಲೆ ಇಳಿಸಿ.

ಹೇರೋದರಲ್ಲೂ ಒಂದು ಮಾತು. ದಪ್ಪ, ಭಾರದ ತುಂಡು ಅಡಿಗೆ ಮತ್ತು ಮುಂದಕ್ಕೆ, ಕ್ಯಾಬಿನ್ ಕಡೆಯ ತಡೆಗೆ ಒತ್ತಿ ಇಡಿ. ತುಂಡುಗಳ ಉದ್ದ ಗಾಡಿಯ ಉದ್ದಕ್ಕೇ ಇರಲಿ, ಅಡ್ಡಕ್ಕೆ ಇಟ್ಟರೆ ಬ್ರೇಕ್ ಹಾಕಿದಾಗ ಉರುಳಿಕೊಂಡು ಬಂದು ಕ್ಯಾಬಿನ್ನಿಗೆ ಗುದ್ದುತ್ತವೆ. ಹಿಂದಿನ ಆಕ್ಸಲ್ಲಿನ ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ ಏರಿನಲ್ಲಿ ಸ್ಟೇರಿಂಗ್ ಮಾತು ಕೇಳಲ್ಲ. ಹಗ್ಗ ಮೂರು ಕಡೆ ಅಡ್ಡ ಕಟ್ಟಿ. ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಸಡಿಲ ಆಗುತ್ತೆ, ಸೌದೆಯೂ ಕುಲುಕಿ ಕೂರುತ್ತೆ. ಅರ್ಧ ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿದುಕೊಳ್ಳಿ. ತುಂಬುವಾಗ ಇಳಿಸುವಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ, ಗೇರಿನಲ್ಲಿಟ್ಟು ಹಿಂದಿನ ಎರಡೂ ಚಕ್ರಕ್ಕೆ ಒಂದೊಂದು ಸೀಳು ಅಡ್ಡ ಇಡಿ. ಸೌದೆ ಮೇಲೆ ಆಳುಗಳನ್ನು ಕೂರಿಸಲೇಬೇಡಿ.

ಎಂಜಿನ್ ಕಡೆ, ಮೊದಲ ಗೇರಿನ ನಿಧಾನದ ಏರಿಗೆ ಗಾಳಿ ಸಾಲದೆ ಕಾಯುತ್ತೆ. ರೇಡಿಯೇಟರಿನ ಎಲೆಗಳ ನಡುವೆ ಮರದ ಪುಡಿ, ಹುಲ್ಲಿನ ಬೀಜ ತುಂಬಿರುತ್ತೆ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹೊಡೆದು ತೆಗೆಯಿರಿ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್ ಆಸುಪಾಸು ತಗ್ಗಬೇಕು. ಎಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೇರಿದರೆ ಕೂಡಲೇ ಆಫ್ ಮಾಡದೆ ಗಾಡಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಡಿ. ರೇಡಿಯೇಟರಿನ ಮುಚ್ಚಳ ತೆಗೆಯೋದು ತಣ್ಣಗಾದ ಮೇಲೆಯೇ.

ಹಳ್ಳದಾಚೆ

ಆ ವಾಲ್ವಿನ ವಿಷಯ ಗೊತ್ತಿರಲಿಲ್ಲ. ಪ್ಲೇಟ್ ಹಾಕಿಸಿ ಅಂದಿದ್ದನ್ನು ವಾಪಸ್ ತಗೊಳ್ತೀನಿ. ಈಗಾಗಲೇ ಹಾಕಿಸಿರೋರು ಏನು ಮಾಡಬೇಕು?

ಪಾಟ_ಯೂಬೋಲ್ಟ್

ತೆಗೆಸಿ. ಸೆಂಟರ್ ಬೋಲ್ಟೂ ಯೂ ಬೋಲ್ಟೂ ಹೊಸದು ಹಾಕಿಸಿ, ಉದ್ದ ಬೇರೆ ಇರುತ್ತೆ. ಹಳೇ ಯೂ ಬೋಲ್ಟಿನ ಮರೆ (ಥ್ರೆಡ್) ಒಮ್ಮೆ ಬಿಗಿದ ಜಾಗದಲ್ಲಿ ಎಳೆದಿರುತ್ತೆ, ಮತ್ತೆ ಅದೇ ಬಿಗಿ ಹಿಡಿಯಲ್ಲ. ವಾಲ್ವಿನ ಕಡ್ಡಿ ಇದ್ದರೆ ಕಂಪನಿ ಹೇಳಿದ ಅಳತೆಗೆ ಹೊಂದಿಸಿ.

ಹಂಡೆ_ಒಲೆ

ಎಲ್ಲರೂ ತರೋದರ ಬಗ್ಗೆ ಹೇಳಿದರು, ಎಷ್ಟು ಬೇಕು ಅನ್ನೋದೂ ಲೆಕ್ಕ ಹಾಕಿಕೊಳ್ಳಿ.

ನೂರು ಲೀಟರ್ ನೀರನ್ನು 40 ಡಿಗ್ರಿ ಏರಿಸೋಕೆ 4,000 ಕಿಲೋಕ್ಯಾಲರಿ ಬೇಕು. ತೇವ 20 ಪಾಲಿರುವ ಸೌದೆಯಿಂದ ಕೆಜಿಗೆ ಸುಮಾರು 3,400 ಕಿಲೋಕ್ಯಾಲರಿ ಸಿಗುತ್ತೆ. ಹೂತ ಹಂಡೆಯ ಒಲೆಯಲ್ಲಿ ನೀರಿಗೆ ಸೇರೋದು ಅದರ ಕಾಲು ಪಾಲು ಅಂತ ಹಿಡಿದರೆ, ನೂರು ಲೀಟರಿಗೆ ಹತ್ತಿರ ಹತ್ತಿರ 5 ಕೆಜಿ ಒಣ ಸೌದೆ. ದಿನಕ್ಕೆ ಇನ್ನೂರು ಲೀಟರ್ ಕಾಯಿಸೋ ಮನೆಗೆ 10 ಕೆಜಿ, ಮಳೆಗಾಲದ 120 ದಿನಕ್ಕೆ 1,200 ಕೆಜಿ. ನಿಮ್ಮ ಪಿಕಪ್ಪಿನಲ್ಲಿ ಒಣ ಸೌದೆ ಎರಡು ಟ್ರಿಪ್ ಆಗುತ್ತೆ. ಮಿಕ್ಕಿದ್ದೆಲ್ಲಾ ಅಡಿಕೆ ಒಲೆಗೆ, ಮುಂದಿನ ವರ್ಷಕ್ಕೆ.

ಅದೇ ಅರ್ಧಕ್ಕರ್ಧ ನೀರಿರುವ ಹಸಿ ಸೌದೆಯಿಂದ ಕೆಜಿಗೆ 1,900 ಕಿಲೋಕ್ಯಾಲರಿ ಮಾತ್ರ. ಅದೂ ಉರಿ ಹತ್ತಿಕೊಂಡರೆ. ಹೊಗೆಯೆಲ್ಲಾ ಹೊಗೆಗೂಡಿನಲ್ಲಿ ಟಾರಿನ ಥರ ಮೆತ್ತುತ್ತೆ, ಅಟ್ಟದಲ್ಲಿ ಇಲ್ಲಣ ಜೋತುಬೀಳುತ್ತೆ. ಗೂಡಿನಲ್ಲಿ ಕಟ್ಟಿದ ಆ ಮಸಿ ಒಂದು ದಿನ ತಾನೇ ಹೊತ್ತಿಕೊಳ್ಳಬಹುದು. ಹಾಗಾಗಿ ಮಳೆ ಹಿಡಿಯೋಕೆ ಮೊದಲು ಗೂಡು ಗುಡಿಸಿ.

ಒಣಗೋದು ಬಿಸಿಲಿಗಿಂತ ಗಾಳಿಯಿಂದ. ನೀರು ಹೆಚ್ಚಾಗಿ ಹೊರಗೆ ಬರೋದು ತುಂಡಿನ ಎರಡು ಕೊಯ್ದ ತುದಿಯಿಂದ. ತೊಗಟೆ ಮುಚ್ಚಿದ ಬದಿಯಿಂದ ತೀರಾ ಕಮ್ಮಿ. ಅದಕ್ಕೇ ಸೀಳದ ದುಂಡು ತುಂಡು ವರ್ಷ ಕಳೆದರೂ ಒಳಗೆ ಹಸಿ ಇರುತ್ತೆ. ಮಣಿಕಟ್ಟಿನ ದಪ್ಪಕ್ಕೆ, ಅಂದ್ರೆ ಮೂರು ನಾಲ್ಕು ಇಂಚಿಗೆ ಸೀಳಿ. ಬ್ಯಾಣದಲ್ಲಿ ಗಾಳಿ ಬೀಸೋ ಏರು ಜಾಗ ನೋಡಿ, ಅಡಿಗೆ ಎರಡು ಉದ್ದ ಕೊಂಬೆ ಅಥವಾ ಕಲ್ಲು ಹಾಕಿ ನೆಲದಿಂದ ಅರ್ಧ ಅಡಿ ಎತ್ತರಿಸಿ. ನೆಲಕ್ಕೆ ತಾಗಿದ ಸಾಲಿಗೆ ಗೆದ್ದಲು ತಪ್ಪಲ್ಲ. ಒಂದೇ ಸಾಲಿನ ಗೋಡೆ ಥರ ಪೇರಿಸಿ, ತುದಿಗಳು ಗಾಳಿಗೆ ಮುಖ ಮಾಡಲಿ, ಎತ್ತರ ನಾಲ್ಕಡಿ ಮೀರದಿರಲಿ. ಎರಡು ಕೊನೆಯಲ್ಲಿ ಒಂದು ಉದ್ದ, ಒಂದು ಅಡ್ಡ ಇಟ್ಟು ಕಂಬ ಕಟ್ಟಿದರೆ ಬೀಳಲ್ಲ. ಮೇಲೆ ಮಾತ್ರ ಸೋಗೆ ಅಥವಾ ಹಳೇ ತಗಡು. ಟಾರ್ಪಾಲಿನಲ್ಲಿ ನೆಲದವರೆಗೆ ಸುತ್ತಿ ಕಟ್ಟೋದು ದೊಡ್ಡ ತಪ್ಪು, ಒಳಗೇ ಬೆವತು ಬೂಷ್ಟು ಹಿಡಿಯುತ್ತೆ.

ಜನವರಿಯಲ್ಲಿ ಸೀಳಿ ಹೀಗೆ ಇಟ್ಟರೆ ಮೇ ಮೊದಲ ವಾರಕ್ಕೆ ತರೋ ಹಾಗಾಗುತ್ತೆ. ಮೇ ಕೊನೆಯವರೆಗೆ ಕಾಯಬೇಡಿ, ಮುಂಗಾರಿಗೆ ಮೊದಲಿನ ಗುಡುಗು ಮಳೆ ಎರಡು ಬಿದ್ದರೂ ನಿಮ್ಮ ಮಣ್ಣು ರಸ್ತೆ ಮುಗೀತು.

ರೇಂಜ್_ದಾರಿ

ಕಾಗದದ ವಿಷಯ ಯಾರೂ ಎತ್ತಲಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯೋಕೂ ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ಗ್ಲಿರಿಸಿಡಿಯ, ಸುಬಾಬುಲ್ ಥರದವಕ್ಕೆ ವಿನಾಯಿತಿ ಇದೆ. ಪಟ್ಟಿ ಆಗಾಗ ತಿದ್ದುಪಡಿ ಆಗುತ್ತೆ, ಸಾಗಣೆ ಪರವಾನಗಿಯ ನಿಯಮ ಬೇರೆಯೇ ಇದೆ. ಸೌದೆ ಸರ್ಕಾರಿ ರಸ್ತೆಗೆ ಇಳಿಯೋ ಮೊದಲು ಪಹಣಿ ಹಿಡಿದು ವಲಯ ಅರಣ್ಯ ಕಚೇರಿಗೆ ಒಮ್ಮೆ ಹೋಗಿಬನ್ನಿ, ಅಕೇಶಿಯದ್ದನ್ನೂ ಅಲ್ಲೇ ಕೇಳಿ. ತೇಗ, ಬೀಟೆ, ಹೊನ್ನೆಯ ಒಂದು ಕೊಂಬೆಯೂ ರಾಶಿಯಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಸೀಳಿದ ಮೇಲೆ ಯಾವ ಮರ ಅಂತ ತಪಾಸಣೆಯವರಿಗೆ ವಿವರಿಸೋದು ಕಷ್ಟ, ಹಾಗಾಗಿ ಪ್ರತಿ ಲೋಡಿನಲ್ಲೂ ತೊಗಟೆ ಇರೋ ಕೆಲವು ತುಂಡು ಮೇಲೆ ಕಾಣುವಂತೆ ಇಡಿ.

ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 2019ರ ತಿದ್ದುಪಡಿ ಆದ ಮೇಲೆ ಮಿತಿಮೀರಿದ ತೂಕಕ್ಕೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ಅಂತಿದೆ. ತೊಟ್ಟಿಯಿಂದ ಹೊರಗೆ ಚಾಚಿಕೊಂಡ ಸರಕಿಗೂ 20,000. ಉದ್ದ ಗಳುಗಳನ್ನು ಹಿಂದಿನ ಬಾಗಿಲು ಇಳಿಸಿಕೊಂಡು ಸಾಗಿಸೋ ಯೋಚನೆ ಬೇಡ.

ಜೀಪು_ಟ್ರೈಲರ್

ಪಿಕಪ್ಪುಗಳು ಬರೋ ಮೊದಲು ಇದೇ ಕೆಲಸ ಜೀಪಿನ ಹಿಂದೆ ಟ್ರೈಲರ್ ಕಟ್ಟಿ ಆಗ್ತಿತ್ತು. ಮಿಲಿಟರಿ ಹರಾಜಿನ ಕಾಲು ಟನ್ನಿನ ಟ್ರೈಲರಿಗೆ ಹಾದಿಯಿಲ್ಲದ ಕಡೆ ಹೇಳಿದ ಮಿತಿ 500 ಪೌಂಡು, ಅಂದ್ರೆ 227 ಕೆಜಿ. ಎಂಬತ್ತರ ದಶಕದಲ್ಲಿ ಮಹೀಂದ್ರ ಜೀಪಿಗೆ ಪ್ಯೂಜೊ ಡೀಸೆಲ್ ಬಂದ ಮೇಲೆ ಎಳೆಯೋ ಶಕ್ತಿ, ಖರ್ಚು ಎರಡೂ ಸುಧಾರಿಸಿತು, ಆದರೆ ಬೆಳಗಿನ ಚಳಿಗೆ ಹೀಟರ್ ಪ್ಲಗ್ ಕಾಯದೇ ಸ್ಟಾರ್ಟ್ ಆಗ್ತಿರಲಿಲ್ಲ. ಟ್ರೈಲರಿಗೆ ಬ್ರೇಕೇ ಇರ್ತಿರಲಿಲ್ಲ. ಇಳಿಜಾರಿನಲ್ಲಿ ಅದು ಜೀಪನ್ನು ಹಿಂದಿನಿಂದ ತಳ್ಳಿ ಅಡ್ಡ ತಿರುಗಿಸ್ತಿತ್ತು. ಅದಕ್ಕೆ ಹಳಬರು ಎರಡು ನಿಯಮ ಇಟ್ಟುಕೊಂಡಿದ್ದರು. ಕೊಂಡಿಯ ಮೇಲೆ ಲೋಡಿನ ಹತ್ತನೇ ಒಂದು ಪಾಲು ಭಾರ ಬೀಳುವ ಹಾಗೆ ಮುಂದಕ್ಕೆ ಹೇರೋದು. ಕಾಡಲ್ಲೇ ಒಂದು ಬೇಸಿಗೆ ಒಣಗದ ಸೌದೆಯನ್ನು ಟ್ರೈಲರಿಗೆ ಹಾಕದೇ ಇರೋದು.

ಈಗಲೂ ಪಿಕಪ್ಪಿನ ಹಿಂದೆ ಟ್ರೈಲರ್ ಕಟ್ಟೋ ಆಸೆ ಇದ್ದರೆ, ಆ ಇಳಿಜಾರು ಇರೋ ತನಕ ಬೇಡ.

ಬ್ಯಾಣದಂಚು

ಎಲ್ಲರಿಗೂ ಕೈ ಮುಗಿದೆ. ಪ್ಲೇಟ್ ಕೈಬಿಟ್ಟೆ, ಬ್ರೇಕ್ ಆಯಿಲ್ ಬದಲಿಸೋಕೆ ಕೊಡ್ತಿದೀನಿ, ಸೀಳಿ ಅಲ್ಲೇ ಪೇರಿಸ್ತೀವಿ. ಕೊನೇದಾಗಿ ಒಂದು: ಒಣಗಿತು ಅಂತ ಖಾತ್ರಿ ಹೇಗೆ? ಮೇಲಿನದು ಒಣಗಿ ಒಳಗಿನದು ಹಸಿ ಇದ್ದರೆ ಲೋಡಿನ ಲೆಕ್ಕ ತಪ್ಪುತ್ತಲ್ಲ.

ಹಂಡೆ_ಒಲೆ

ಸೀಳಿದ ದಿನವೇ ಸಾಧಾರಣ ದಪ್ಪದ ಮೂರು ನಾಲ್ಕು ಸೀಳು ತೂಗಿ, ತುದಿಗೆ ಪೇಂಟಿನಲ್ಲಿ ತೂಕ ಬರೆದು ಸಾಲಿನ ಬೇರೆ ಬೇರೆ ಜಾಗದಲ್ಲಿ ಸೇರಿಸಿ. ಒಂದಾದರೂ ನಡುವಿನಲ್ಲಿ, ಒಂದು ಅಡಿಯ ಸಾಲಿನಲ್ಲಿ ಇರಲಿ. ಸೀಳು ಎಳೆದು ತೆಗೆಯೋ ಹಾಗೆ ಸ್ವಲ್ಪ ಹೊರಗೆ ಚಾಚಿಟ್ಟರೆ ಸಾಕು. ಏಪ್ರಿಲ್‌ನಿಂದ ವಾರಕ್ಕೊಮ್ಮೆ ತೂಗಿ. ಆವತ್ತು 4 ಕೆಜಿ ಇದ್ದದ್ದು ಎರಡೂವರೆ ಕೆಜಿಗೆ ಬಂದರೆ 20 ಪಾಲಿನ ಹತ್ತಿರ ಬಂತು. ನಿಮ್ಮವು ಡಿಸೆಂಬರ್ ಕೊನೆಗೆ ಬಿದ್ದ ಮರ, ಈಗಾಗಲೇ ಸ್ವಲ್ಪ ನೀರು ಬಿಟ್ಟಿರುತ್ತೆ, ಹಾಗಾಗಿ 2.6ರಲ್ಲೇ ನಿಲ್ಲಬಹುದು. ಎರಡು ವಾರ ತೂಕ ಇಳಿಯದೇ ನಿಂತಿತು ಅಂದ್ರೆ ಆ ಜಾಗದಲ್ಲಿ ಅದು ಅಷ್ಟೇ ಒಣಗೋದು.

ತಕ್ಕಡಿ ಇಲ್ಲದ ದಿನ ಎರಡು ಸೀಳು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಠಣ್ ಅನ್ನುತ್ತೆ, ಹಸಿ ಇದ್ದರೆ ದಬ್ ಅನ್ನುತ್ತೆ. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು, ತೊಗಟೆ ಉಗುರಿಗೇ ಎದ್ದು ಬರೋದು ಇವೂ ಗುರುತೇ. ಆದರೆ ತುದಿ ಬಿರುಕು ಒಂದನ್ನೇ ನಂಬಬೇಡಿ, ಅದು ಮೂರನೇ ವಾರಕ್ಕೇ ಕಾಣಿಸಿಕೊಳ್ಳುತ್ತೆ. ಅನುಮಾನ ಇದ್ದರೆ ಒಂದನ್ನು ಅಲ್ಲೇ ಮತ್ತೆ ಸೀಳಿ ಒಳಮೈಯನ್ನು ಕೆನ್ನೆಗೆ ಇಟ್ಟುಕೊಳ್ಳಿ. ತಣ್ಣಗೆ ತಾಗಿದರೆ ಆವತ್ತು ಒಂದಡಿ ಎತ್ತರವೇ ತುಂಬಿ.